ಎಲ್ಲರ ಪರವಾಗಿ ಊದಿದವರು

ನನ್ನ ಗಂಡ ಒಂದು ಹನಿ ಮುಟ್ಟಿದವರಲ್ಲ. ಅದೇ ಅವರಿಗೆ ಮುಳುವಾಯಿತು.

ಹಾಯಿ ಹೊಲಿಯುವುದು ನಮ್ಮ ಕಸುಬು. ಅವರು ಅಳೆದು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಮುಂದಿನ ಕೋಣೆಯ ತುಂಬ ಬಟ್ಟೆ. ಊಟಕ್ಕೆ ಕೂರಬೇಕೆಂದರೆ ಯಾರದೋ ಹಾಯಿ ಮಡಚಬೇಕು. ಅವರದು ಮಾತು ಕಡಿಮೆ. ಸೂಜಿ ಮುರಿದರೆ ಬೈಯುತ್ತಿದ್ದರು, ಅದೂ ಸೂಜಿಯನ್ನು. ರಜೆಯ ದಿನ ಒಬ್ಬ ಯಜಮಾನನ ಹಾಯಿದೋಣಿಗೆ ಕೆಲಸಕ್ಕೆ ಹೋಗುತ್ತಿದ್ದರು.

ದೋಣಿ ಕಟ್ಟುವ ನಮ್ಮ ಧಕ್ಕೆಯಲ್ಲಿ ಒಂದು ನಿಯಮವಿದೆ. ದೋಣಿ ಬಿಡುವ ಮುಂಚೆ ಚುಕ್ಕಾಣಿ ಹಿಡಿಯುವವನು ಕುಡಿತ ಅಳೆಯುವ ಯಂತ್ರಕ್ಕೆ ಊದಬೇಕು. ಕುಡಿದಿಲ್ಲವೆಂದರೆ ಅವನ ಹೆಸರು ಪುಸ್ತಕಕ್ಕೆ, ದೋಣಿ ನೀರಿಗೆ. ಉಳಿದವರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಒಂದೊಂದು ದೋಣಿಗೂ ಊದಲೆಂದೇ ಒಬ್ಬನಿರುತ್ತಾನೆ. ದೀಪಸ್ತಂಭ ದಾಟಿದ ಮೇಲೆ ಅವನು ಚುಕ್ಕಾಣಿಯನ್ನು ಯಜಮಾನನಿಗೆ ಬಿಟ್ಟು ಹಗ್ಗ ಹಿಡಿಯುತ್ತಾನೆ. ಇದು ಧಕ್ಕೆಗೆಲ್ಲ ಗೊತ್ತು. ನನ್ನ ಗಂಡನನ್ನು ಊದುಗೊಳವೆ ಎಂದೇ ಕರೆಯುತ್ತಿದ್ದರು. ಮನೆ ಒಲೆಗೆ ಊದಿ ಅಂದರೆ ಕೆಮ್ಮು ಬರುತ್ತೆ, ಊರವರಿಗೆಲ್ಲ ಊದ್ತೀರಲ್ಲ ಎಂದು ನಾನೂ ನಗುತ್ತಿದ್ದೆ.

ಆ ದಿನ ದೋಣಿಯಲ್ಲಿದ್ದವರು ಯಜಮಾನ, ಅವನ ಮೂವರು ಗೆಳೆಯರು, ನನ್ನ ಗಂಡ. ಜೊತೆಗೆ ಎರಡು ಪೆಟ್ಟಿಗೆ ಬಾಟಲಿ. ಮಧ್ಯಾಹ್ನ ದೋಣಿಯನ್ನು ತಿರುಗಿಸಿದರು. ತಿರುಗಿಸುವವನು ಮೊದಲು 'ತಲೆ' ಎಂದು ಕೂಗಬೇಕು. ಆಗ ಹಾಯಿಯ ಕೆಳಗಿನ ಅಡ್ಡಮರ ಈ ಮಗ್ಗುಲಿಂದ ಆ ಮಗ್ಗುಲಿಗೆ ಬೀಸಿ ಬರುತ್ತದೆ, ಎಲ್ಲರೂ ತಲೆ ತಗ್ಗಿಸಬೇಕು. ಯಾರೂ ಕೂಗಲಿಲ್ಲ. ಮರ ಅವರ ಕಿವಿಯ ಹಿಂದೆ ಬಡಿಯಿತು, ನೀರಿಗೆ ಬಿದ್ದರು. ದೋಣಿ ಹಿಂದಕ್ಕೆ ತರಲು ಕುಡಿದ ಆ ನಾಲ್ವರ ಕೈಲಾಗಲಿಲ್ಲ. ಕೊನೆಗೆ ಮೀನಿನ ದೋಣಿಯವರು ಎತ್ತಿ ತಂದರು. ಉಸಿರಿರಲಿಲ್ಲ.

ಪುಸ್ತಕದಲ್ಲಿ ಚುಕ್ಕಾಣಿಗೆ ಇದ್ದದ್ದು ನನ್ನ ಗಂಡನ ಹೆಸರು. ತಪ್ಪು ಅವರದೇ ಆಯಿತು.

ಯಜಮಾನ ಮನೆಗೆ ಬಂದ. ಚಪ್ಪಲಿ ಹಾಕಿಕೊಂಡೇ ಹಾಯಿ ತುಳಿದುಕೊಂಡು ಬಂದು ಒಂದು ಕಾಗದ ಚಾಚಿದ.

"ಗಾಳಿ ತಿರುಗ್ತು ಅಕ್ಕಾ. ಯಾರನ್ನ ದೂರೋದು? ಸುಮ್ನೆ ಒಂದು ಸಹಿ ಹಾಕಿ, ಮುಗಿದುಹೋಗುತ್ತೆ."

"ಕೊಡಿ, ಓದ್ತೀನಿ."

"ನಿಮಗ್ಯಾಕೆ ತೊಂದ್ರೆ, ನಾನೇ ಹೇಳ್ತೀನಲ್ಲ."

"ನನಗೆ ಓದೋಕೆ ಬರುತ್ತೆ ಯಜಮಾನ್ರೇ. ನಿಧಾನ, ಅಷ್ಟೇ. ನಿಂತ್ಕೊಂಡಿರಿ."

ಅಕ್ಷರ ಅಕ್ಷರ ಕೂಡಿಸಿ ಓದಿದೆ. ಚುಕ್ಕಾಣಿ ನನ್ನ ಗಂಡನ ಕೈಯಲ್ಲೇ ಇತ್ತು, ಅವರ ಅಜಾಗ್ರತೆಯಿಂದಲೇ ಹೀಗಾಯಿತು ಎಂದಿತ್ತು. ಅದನ್ನು ನಾಲ್ಕಾಗಿ ಮಡಚಿ ಅವನ ಜೇಬಿಗೇ ತುರುಕಿದೆ.

ವಿಚಾರಣೆ ಧಕ್ಕೆಯ ಕಚೇರಿಯಲ್ಲಿ, ಅಲ್ಲಿನ ಅಧಿಕಾರಿಯ ಮುಂದೆ ನಡೆಯಿತು. ಗೆಳೆಯರು ಮೂವರೂ ಗಿಳಿಪಾಠ ಒಪ್ಪಿಸಿದರು. ಇನ್ನು ಮುಂದೆ ಎಲ್ಲರನ್ನೂ ಊದಿಸಬೇಕೇ ಎಂಬ ಮಾತೂ ಬಂತು. ಸಮುದ್ರ ರಸ್ತೆಯಲ್ಲ, ಎದುರಿಗೆ ಲಾರಿ ಬರುವುದಿಲ್ಲ, ರಜೆಯ ಒಂದು ಗುಟುಕಿಗೂ ಕಾನೂನೇ ಎಂದ ಯಜಮಾನ. ರಸ್ತೆಯಲ್ಲಿ ಬಿದ್ದವನು ರಸ್ತೆ ಮೇಲೇ ಸಿಗುತ್ತಾನೆ ಎಂದೆ ನಾನು.

"ಅಡ್ಡಮರ ಬಡಿದೇ ಸತ್ತದ್ದು, ಎಲ್ಲರೂ ಒಪ್ತೀರಾ?" ಎಂದು ಕೇಳಿದೆ. ಒಪ್ಪಿದರು.

"ಹಾಗಾದ್ರೆ ದೋಣಿ ಹತ್ರ ಬನ್ನಿ ಸಾಹೇಬ್ರೇ. ಆ ಹಾಯಿ ಹೊಲಿದವಳು ನಾನು."

ದೋಣಿ ಕಟ್ಟಿದಲ್ಲೇ ಇತ್ತು. ಹಗ್ಗ ಹಿಡಿದು ಹತ್ತಿದೆ. ಹಾಯಿಯ ಕೆಳಗಿನ ಅಂಚು ನಾಲ್ಕು ಮಾರು. ಅಡ್ಡಮರ ಅದಕ್ಕಿಂತ ಒಂದು ಗೇಣು ಉದ್ದ. ಅಡ್ಡಮರದ ಬುಡವಿರುವ ಹಾಯಿಕಂಬದಿಂದ ಚುಕ್ಕಾಣಿಯವರೆಗೆ ತೋಳು ಚಾಚಿ ಚಾಚಿ ಅಳೆದೆ. ಐದೂವರೆ ಮಾರು. ಅಧಿಕಾರಿ ಚುಕ್ಕಾಣಿಯ ಬಳಿ ಕೂತರು. ಅಡ್ಡಮರವನ್ನು ಹತ್ತು ಸಲ ಆಚೀಚೆ ತೂಗಿದೆ. ಅವರ ಟೋಪಿಗೂ ತಾಗಲಿಲ್ಲ.

"ಇಲ್ಲಿ ಕೂತವನನ್ನ ಈ ಮರ ಹೇಗೆ ಕೊಲ್ಲುತ್ತೆ?"

ಎಲ್ಲರೂ ಕಚೇರಿಗೆ ವಾಪಸ್ ಬಂದೆವು.

ಅಧಿಕಾರಿ ನನ್ನ ಕಣ್ಣೆದುರೇ ಪುಸ್ತಕದ ಹಳೆಯ ಸಾಲನ್ನು ಹೊಡೆದುಹಾಕಿ, ನನ್ನ ಗಂಡ ಹಗ್ಗದ ಬಳಿ ಇದ್ದರು, ಚುಕ್ಕಾಣಿ ಯಜಮಾನನ ಕೈಯಲ್ಲಿತ್ತು ಎಂದು ಬರೆದರು. ಓದಿ ನೋಡಿಯೇ ಎದ್ದೆ. ಎಲ್ಲರನ್ನೂ ಊದಿಸುವ ನಿಯಮ ಯಾವಾಗ ಎಂದು ಕೇಳಿದರೆ, ಅದನ್ನು ಮೇಲಿನವರು ನೋಡಬೇಕು ಎಂದರು.

"ಮೇಲಿನವರಿಗೆ ಈಜು ಬರುತ್ತಾ?"

ಇವತ್ತಿಗೂ ಒಬ್ಬ ಊದುತ್ತಾನೆ, ಐವರು ಹತ್ತುತ್ತಾರೆ.

ಮೊನ್ನೆ ಆ ಯಜಮಾನ, ಏನೂ ಆಗಿಲ್ಲವೆಂಬಂತೆ, ಅದೇ ಹಾಯಿಯನ್ನು ರಿಪೇರಿಗೆ ಕಳಿಸಿದ್ದಾನೆ. ಅಂಚು ಹರಿದಿದೆ. ಹೊಲಿದಿಲ್ಲ. ಹೊಸ್ತಿಲಾಚೆ ಹಾಸಿದ್ದೇನೆ. ಬಂದವರು ಕಾಲೊರೆಸಿಕೊಂಡು ಒಳಗೆ ಬರುತ್ತಾರೆ.