ಅರ್ಥಿಂಗ್ ಪಿನ್ನು ಮತ್ತು ಚಪ್ಪಲಿ

ಗೆಳೆಯರೇ, ಇವತ್ತು ಬೈಲಹೊಂಗಲದ ಹತ್ತಿ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರದ ಮೋಟಾರು ಓಡಿಸುವ ಡ್ರೈವ್ ಕೆಟ್ಟಿತ್ತು, ರಿಪೇರಿಗೆ ಹೋಗಿದ್ದೆ. ಪರೀಕ್ಷಿಸಲು ಕರೆಂಟಿನ ಅಲೆ ತೋರಿಸುವ ನನ್ನ ಆಸಿಲೋಸ್ಕೋಪು ತೆಗೆದೆ.

“ಅದರ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರದ ಹಚ್ಚರಿ ಸರ. ಹೋದ ಸಲ ಬಂದವ್ರೂ ಹಂಗ ಮಾಡಿದ್ರು, ಕಿಡಿ ಹಾರಂಗಿಲ್ಲ,” ಎಂದರು ಹಿರಿಯ ಫಿಟ್ಟರ್ ಗುರಪ್ಪ.

ಕರೆಂಟು ನೆಲಕ್ಕಿಳಿಸುವ ಆ ಪಿನ್ ಇಲ್ಲದೆ ಡ್ರೈವಿಗೆ ಜೋಡಿಸಿದರೆ ಕಿಡಿ ಹಾರುವುದಿಲ್ಲ ನಿಜ, ಆದರೆ ಸ್ಕೋಪಿನ ಲೋಹದ ಮೈಗೇ ಕರೆಂಟು ಬಂದು ಮುಟ್ಟಿದವನು ಸಾಯುತ್ತಾನೆ. ಬೆಳಗಾವಿಯಿಂದ, ಸ್ಕೋಪಿಗೆ ಕರೆಂಟು ತಾಗದಂತೆ ತಡೆಯುವ ಐಸೋಲೇಶನ್ ಪ್ರೋಬ್ ಬರುವವರೆಗೆ ಕಾಯೋಣ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಕೈಕಟ್ಟಿ ಕೇಳಿದರು.

ನಾನು ಚಹಾ ಕುಡಿದು ಬರುವಷ್ಟರಲ್ಲಿ ಪಿನ್ನು ಕತ್ತರಿಸಿ, ಸ್ಕೋಪನ್ನು ಡ್ರೈವಿಗೆ ಜೋಡಿಸಿಬಿಟ್ಟಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು: “ಮುಟ್ಟಬ್ಯಾಡ್ರಿ, ಸಾಯ್ತೀರಿ.”

ನಾನು ಹೇಳಿದ್ದು ಒಂದಕ್ಷರ ಬಿಡದೆ ಅವರಿಗೆ ತಿಳಿದಿತ್ತು.

“ಮತ್ತ ಇದರ ಗುಂಡಿ ತಿರುವವ್ರು ಯಾರ್ರಿ?” ಎಂದೆ.

“ನೀವ ತಿರುವ್ರಿ ಸರ, ನಿಮಗ ಎಲ್ಲಾ ಗೊತ್ತೈತಲ್ಲ. ಆ ರಬ್ಬರ್ ಚಪ್ಪಲಿ ಅಷ್ಟ ಹೊರಗ ಬಿಟ್ಟ ಬರ್ರಿ, ಮಷಿನಿಗೆ ಪೂಜಿ ಆಗೇತಿ.”

ಮೇನ್ ಸ್ವಿಚ್ ಇಳಿಸಿ, ಸ್ಕೋಪು ಬಿಚ್ಚಿಕೊಂಡು ಮನೆಗೆ ಬಂದೆ. ನಾಳೆ ಹೋದ ಸಲದವರನ್ನೇ ಕರೆಸುತ್ತಾರಂತೆ. ಅವರು ಬಹಳ ಭಕ್ತಿವಂತರಂತೆ, ಹೇಳುವ ಮೊದಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರಂತೆ.