ಚಾರು ಕಲಿತ ಧ್ವನಿಗಳು

ಬಿಶಾನ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಫೋನ್ ತೆರೆದರೆ ಚಾರುವಿನ ಸಂದರ್ಶನ. ಈಗವಳು ಬೆಂಗಳೂರಿನಲ್ಲಿ ಸಿನಿಮಾ ನಾಯಕಿ. ‘ಮೂರನೇ ವಯಸ್ಸಿಗೇ ಭರತನಾಟ್ಯ, ಐದಕ್ಕೆ ವೀಣೆ’ ಎಂದು ಬರೆದಿದ್ದಾರೆ. ಎಲ್ಲಿಯ ವೀಣೆ, ನೀವೇ ಹೇಳಿ! ಇಲ್ಲೇ, ಈ ಪರದೇಶದಲ್ಲಿ, ನಮ್ಮ ಕೆಳಗಿನ ಮನೆಯಲ್ಲೇ ಬೆಳೆದ ಹುಡುಗಿ. ಆ ಮನೆಯಲ್ಲಿ ಸದ್ದು ಮಾಡುತ್ತಿದ್ದ ವಾದ್ಯವೆಂದರೆ ಕುಕ್ಕರ್ ಒಂದೇ.

ಅವಳ ನಿಜವಾದ ವಿದ್ಯೆಯನ್ನು ಯಾರೂ ಬರೆದಿಲ್ಲ. ಒಬ್ಬರ ಮಾತನ್ನು ಎರಡು ಸಲ ಕೇಳಿದರೆ ಸಾಕು, ಆ ಧ್ವನಿ ಅವಳ ಗಂಟಲಿಗೆ ಬಂದು ಕೂರುತ್ತಿತ್ತು. ಆಗ ಒಂಬತ್ತು ವರ್ಷ. ಭಾನುವಾರ ನನ್ನ ಹತ್ತಿರ ಕನ್ನಡ ಕಲಿಯಲು ಬರುತ್ತಿದ್ದಳು. ಕಲಿತದ್ದು ಮಾತ್ರ ಕನ್ನಡವನ್ನಲ್ಲ, ನನ್ನನ್ನು. ಒಮ್ಮೆ ಶಾಲೆ ಮುಗಿಸಿ ಬಂದವಳು, ತಂಜಾಂಗ್ ಪಗಾರ್ ಬಡಾವಣೆಯ ಆಫೀಸಿನಲ್ಲಿದ್ದ ನನ್ನ ಗಂಡನಿಗೆ ನಮ್ಮ ಮನೆಯ ಫೋನಿನಿಂದಲೇ, “ರೀ, ಬರ್ತಾ ನಾಲ್ಕು ತೆಂಗಿನಕಾಯಿ ತನ್ನಿ, ನಿಮಗೆ ಹೇಳಿ ಹೇಳಿ ಸಾಕಾಗಿದೆ” ಎಂದಳು. ಪುಣ್ಯಾತ್ಮರು ತಂದೇಬಿಟ್ಟರು. ಹೆಂಡತಿಯ ಧ್ವನಿಯೂ ಗೊತ್ತಾಗಲಿಲ್ಲವೇ ಎಂದು ರೇಗಿದೆ.

“ಸ್ವಲ್ಪ ಮೃದುವಾಗಿ ಮಾತಾಡಿದ್ಳು ಕಣೇ. ಡೌಟ್ ಬರಬೇಕಿತ್ತು” ಎಂದರು.

“ಜೋಕ್ ಲಾ, ಆಂಟಿ!” ಎಂದು ಇಲ್ಲಿನ ಮಕ್ಕಳ ಧಾಟಿಯಲ್ಲಿ ಕೂಗಿ, ಬಾಗಿಲಲ್ಲಿ ಕೇಳಿಸಿಕೊಳ್ಳುತ್ತಿದ್ದ ಚಾರು ಓಡಿದಳು.

ಸಂಜೆ ಮೈಸೂರಿನಿಂದ ನನ್ನಮ್ಮನ ಕರೆ ಬರುತ್ತಿತ್ತು. ಸ್ಪೀಕರ್ ಹಾಕಿಕೊಂಡು ನಾನು ಅಡುಗೆ ಮಾಡುತ್ತಿದ್ದರೆ ಚಾರು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದಳು. ಆ ವರ್ಷವೇ ಅಮ್ಮ ತೀರಿಕೊಂಡರು. ಕಾರ್ಯ ಮುಗಿಸಿ ಹಿಂದಿರುಗಿದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಮೇಜಿನ ಮುಂದೆ ಕುಳಿತಿದ್ದೆ. ಬೆನ್ನ ಹಿಂದೆ ಅಮ್ಮನದೇ ಧ್ವನಿ: “ಊಟ ಮಾಡಿದ್ಯೇನೇ, ಪುಟ್ಟೀ?”

ತಿರುಗಿದವಳೇ ಚಾರುವಿನ ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ. ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದಳು. ಮರುವರ್ಷ ಅವರ ಮನೆಯವರು ಊರಿನ ಇನ್ನೊಂದು ತುದಿಯ ಬೂನ್ ಲೇಗೆ ಮನೆ ಬದಲಿಸಿ ಹೋದರು. ಚಿಕ್ಕ ಮಗುವಿನ ಹತ್ತಿರ ಕ್ಷಮೆ ಕೇಳುವುದೇನು ಎಂಬ ಬಿಗುಮಾನದಲ್ಲಿ ನಾನು ಸುಮ್ಮನಿದ್ದುಬಿಟ್ಟೆ.

ರೈಲು ಬಂತು, ಹೋಯಿತು. ಅವಳಮ್ಮನಿಂದ ನಂಬರ್ ಪಡೆದು ಕರೆ ಮಾಡಿದೆ, ವೀಣೆಯ ಬಗ್ಗೆ ಬೈಯಲೆಂದೇ.

“ಅಯ್ಯೋ ಆಂಟಿ, ಅದು ಪ್ರೊಡ್ಯೂಸರ್ ಬರೆಸಿದ್ದು!” ಎಂದು ನಕ್ಕಳು.

ಬೈಗುಳ ಮುಗಿದ ಮೇಲೆ, “ಅವತ್ತು ಹೊಡೆದದ್ದು ತಪ್ಪು ಕಣೇ” ಎಂದೆ.

“ನೀವು ಊಟಾನೇ ಬಿಟ್ಟಿದೀರ ಅಂತ ಅಂಕಲ್ ನಮ್ಮಮ್ಮನ ಹತ್ರ ಹೇಳ್ತಿದ್ರು. ಮೈಸೂರಜ್ಜಿ ಕೇಳಿದ್ರೆ ಮಾಡ್ತೀರ ಅಂದ್ಕೊಂಡೆ” ಎಂದಳು.

ಇಷ್ಟು ವರ್ಷ ಅದನ್ನು ಚೇಷ್ಟೆ ಎಂದುಕೊಂಡಿದ್ದೆ.

“ಆ ಧ್ವನಿ ಇನ್ನೂ ಬರುತ್ತಾ?”

“ಇಲ್ಲ ಆಂಟಿ. ಆಮೇಲೆ ಒಂದ್ಸಲಾನೂ ಟ್ರೈ ಮಾಡಿಲ್ಲ. ಹೋಗ್ಬಿಟ್ಟಿದೆ. ಹೇಗಿತ್ತು ಹೇಳಿ, ನೋಡೋಣ.”

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಜನ ನೋಡುತ್ತಿದ್ದರೂ ಲೆಕ್ಕಿಸದೆ, ಅಮ್ಮ ಹೇಗೆ ಕರೆಯುತ್ತಿದ್ದರೆಂದು ಹೇಳಿಕೊಡತೊಡಗಿದೆ. ಅವಳೊಮ್ಮೆ ‘ಪುಟ್ಟೀ’ ಅಂದು ನೋಡಿದಳು.

“ಹಾಗಲ್ಲ ಕಣೇ,” ರೇಗುತ್ತಲೇ ಕಣ್ಣೊರೆಸಿಕೊಂಡೆ, “ಕೊನೇಲಿ ಇನ್ನೂ ಸ್ವಲ್ಪ ಎಳಿ.”