ಸ್ಪೋರ್ಟ್ಸ್ ಕಾರಿಗೆ ಲಾರಿ ಕನ್ನಡಿ

ಗ್ಯಾರೇಜಿನ ಮೇಸ್ತ್ರಿಯ ತಾತ ಒದೆಯುವ ಕುದುರೆಗಳಿಗೂ ಲಾಳ ಕಟ್ಟಿದವನು. ಅಪ್ಪ, ಕೆಟ್ಟು ನಿಂತ ಬಸ್ಸನ್ನು ತುಂಡು ತಂತಿಯಿಂದಲೇ ಊರು ಮುಟ್ಟಿಸಿದವನು. ಅಂಥ ವಂಶದ ಕುಡಿ ಈಗ ಡಾಕ್ಟರ ಹಳೆಯ ಸ್ಪೋರ್ಟ್ಸ್ ಕಾರಿಗೆ ಲಾರಿಯ ಕನ್ನಡಿ ಜೋಡಿಸಿದ್ದ. ಅದು ಸರಿಹೋಗದಿದ್ದರೆ ಕಾರು ಎದುರಿಗಿದ್ದ ಮೇಸ್ತ್ರಿಯ ಭಾಮೈದನ ಗ್ಯಾರೇಜಿಗೆ ಹೋಗುವುದು ಖಂಡಿತ.

"ಹಿಂದಿನ ರಸ್ತೆ ಎಲ್ಲಯ್ಯಾ? ಬರೀ ಆಕಾಶ ಕಾಣ್ತಿದೆ," ಎಂದರು ಒಳಗೆ ಕೂತ ಡಾಕ್ಟರು.

"ಕನ್ನಡಿ ಸರಿಯಾಗಿದೆ ಸಾರ್. ನಿಮ್ಮ ಸೀಟೇ ತಗ್ಗು."

ಸೀಟಿನಡಿ ಎರಡು ಹಲಗೆ ತುರುಕಿದ ಮೇಲೆ ರಸ್ತೆಯೇನೋ ಕಂಡಿತು. ಆದರೆ ಡಾಕ್ಟರ ಕಾಲು ಬ್ರೇಕಿಗೆ ಎಟುಕದಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾಮೈದ ಕೇಳಿದ: "ಭಾವ, ಈ ಕಾರಿಂದೇ ಕನ್ನಡಿ ನನ್ನ ಹತ್ರ ಇದೆ. ತಂದ್ಕೊಡ್ಲಾ?"

"ಅದನ್ನ ನೀನೇ ಇಟ್ಕೊಂಡು ಮುಖ ನೋಡ್ಕೋ ಹೋಗೋ! ಇಲ್ಲೇನೂ ಕೆಟ್ಟಿಲ್ಲ. ಡಾಕ್ಟರ ಕಾಲು ಒಂಚೂರು ಗಿಡ್ಡ, ಅದನ್ನ ನಾನೇ ಸರಿಮಾಡ್ತೀನಿ."